ಗೋಡೆಯಿಂದ ಕಿತ್ತ ರಟ್ಟು

…ನಗಿ, ನಗಿ, ಚೆನ್ನಾಗಿ ನಗಿ. ಕೊರಿಯರ್‌ನವನಿಗೂ ನೀರು ಕೊಡ್ತಾಳೆ ನಮ್ಮಜ್ಜಿ ಅಂತ ನಗಿ. ಪಾಪ, ಅವ್ನೂ ಮೊದಮೊದ್ಲು "ನೋ ನೋ, ಐ ಆ್ಯಮ್ ಆಲ್ ಗುಡ್" ಅಂತಿದ್ದ, ಈಗ ನೋಡಿ, ಗೇಟ್ ಹತ್ರಾನೇ ಕೈ ಚಾಚ್ತಾನೆ. ಏನಂದೆ ನಿಧಿ? ವಿಯರ್ಡ್ ಅಂದ್ಯಾ? ಆಗ್ಲಿ ಕಣೇ, ವಿಯರ್ಡೇ. ಬಂದೋರಿಗೆ ಮೊದ್ಲು ನೀರು ಕೊಡೋದು ನಮ್ಮ ಮನೇಲಿ ಮುಂಚಿಂದ ಇದ್ದದ್ದೇ, ನಮ್ಮಮ್ಮ ಜೊತೇಲಿ ಒಂದು ಚೂರು ಬೆಲ್ಲಾನೂ ಇಡೋರು. ಆದ್ರೆ ನಾನು ಹಿಂಗೆ ಹುಚ್ಚಿ ಥರ ಆಡೋದು ಅದಕ್ಕಲ್ಲ. ಅದಕ್ಕೆ ಬೇರೆ ಕಾರಣ ಇದೆ. ನಿಮ್ಮ ತಾತಂಗೂ ಹೇಳಿರ್ಲಿಲ್ಲ, ನಿಮ್ಮಮ್ಮಂಗೂ ಹೇಳಿರ್ಲಿಲ್ಲ. ಹೋದ ವರ್ಷ ಆ ಕೌನ್ಸಿಲ್ ಹಾಲ್‌ನಲ್ಲಿ ಬಾಯಿ ಬಿಟ್ಟಿದ್ದೇ ಮೊದ್ಲು. ಅಮೋಘ, ಆ ಫೋನ್ ಇಡು ಮಗಾ, ಇಟ್ಟು ಕೂತ್ಕೋ.

ಆಗ ನಾವು ಆಕ್ಲೆಂಡಿನ ಈ ತಕಾನಿನಿಲಿ ಇರ್ಲಿಲ್ಲ. ದಕ್ಷಿಣಕ್ಕೆ ಕಾರಲ್ಲಿ ಎರಡು ಗಂಟೆ ದಾರಿ, ಒಂದು ಸಣ್ಣ ಊರು. ನಾನು ಮೈಸೂರಲ್ಲಿ ದೊಡ್ಡಾಸ್ಪತ್ರೆಲಿ ಸ್ಟಾಫ್ ನರ್ಸ್ ಆಗಿದ್ದೋಳು ಗೊತ್ತಾ, ನನ್ನ ಕೈಕೆಳಗೆ ಹುಡುಗೀರು ಟ್ರೇನಿಂಗ್ ಮಾಡೋರು. ಇಲ್ಲಿ ಬಂದ್ರೆ ಆ ಸರ್ಟಿಫಿಕೇಟು ನಡೆಯಲ್ಲ, ಪರೀಕ್ಷೆ ಬರೀಬೇಕು, ಅಲ್ಲಿವರೆಗೆ ವಯಸ್ಸಾದೋರ ರೆಸ್ಟ್ ಹೋಮ್‌ನಲ್ಲಿ ಕೇರ್‌ಗಿವರ್ ಕೆಲಸ. ಮೈ ತೊಳ್ಸೋದು, ಪ್ಯಾಡ್ ಬದಲಾಯ್ಸೋದು, ಊಟ ಮಾಡ್ಸೋದು. ಅದರಲ್ಲಿ ನಾಚಿಕೆ ಏನಿಲ್ಲ, ಆದ್ರೆ ಮೊದಲ್ನೇ ದಿನಾನೇ ಮ್ಯಾನೇಜರಮ್ಮ ನನ್ನ ಹೆಸರು ಓದಕ್ಕೆ ಹೋಗಿ, "ನಾಗಾ… ನಾಗರಾ… ಓ ಡಿಯರ್, ದಿಸ್ ಈಸ್ ಟೂ ಲಾಂಗ್ ಫಾರ್ ದಿ ಬ್ಯಾಡ್ಜ್! ನ್ಯಾನ್ಸಿ ಅಂತ ಹಾಕೋಣ್ವಾ?" ಅಂದ್ಲು. ನಾನು ಎಸ್ ಮೇಡಮ್ ಅಂದೆ. ನಾಗರತ್ನ ಹೋಗಿ ನ್ಯಾನ್ಸಿ ಆದೆ. ಮಂಗಳೂರಿನ ಜೆಸಿಂತಾ ಅಂತ ಇನ್ನೊಬ್ಳಿದ್ಲು, ಅವಳ ಹೆಸ್ರು ಬಚಾವಾಯ್ತು! ನಾವಿಬ್ರೂ ಒಂದಿನ ಅಡುಗೆಮನೇಲಿ ಕನ್ನಡದಲ್ಲಿ ಮಾತಾಡ್ತಿದ್ವಿ, ಏನು ಮಹಾ, ಸಾರಿನ ಪುಡಿ ಎಲ್ಲಿ ಸಿಗುತ್ತೆ ಅಂತ. ಹಿಂದಿಂದ ಬಂದ್ಲು. "ಲೇಡೀಸ್! ಇಂಗ್ಲಿಷ್ ಓನ್ಲಿ. ನಿಮ್ಮ ಭಾಷೆ ಕೇಳಿ ರೆಸಿಡೆಂಟ್ಸ್ ಹೆದರ್ಕೋತಾರೆ." ಸಾರಿನ ಪುಡಿಗೆ ಯಾರು ಹೆದರ್ತಾರೆ ಹೇಳಿ! ಆದ್ರೆ ನಮ್ಮ ವೀಸಾ ಅವಳ ಕೈಲಿತ್ತು ಕಣ್ರೋ. ಅವಳು ಬೇಡ ಅಂದ್ರೆ ನಾನು, ನಿಮ್ಮ ತಾತ, ನಾಲ್ಕು ವರ್ಷದ ನಿಮ್ಮಮ್ಮ, ಮೂರೂ ಜನ ಗಂಟುಮೂಟೆ ಕಟ್ಟಬೇಕಿತ್ತು. ಅದಕ್ಕೇ ಆಮೇಲೆ ಜೆಸಿಂತಾ ಹತ್ರಾನೂ ಇಂಗ್ಲಿಷೇ. ಇಬ್ರೂ ಮುಖ ಮುಖ ನೋಡ್ಕೊಂಡು "ಹೌ ಆರ್ ಯು, ಜೆಸಿಂತಾ", "ಐ ಆ್ಯಮ್ ಫೈನ್, ನ್ಯಾನ್ಸಿ" ಅಂತ ನಾಟಕ.

ಹಾಂ, ಎಲ್ಲಿದ್ದೆ? ನಾನು ಹೇಳಕ್ಕೆ ಹೊರಟಿದ್ದು ಒಬ್ರು ಅಜ್ಜಿ ಕಥೆ. ಆರನೇ ರೂಮಲ್ಲಿ ಇದ್ರು, ಮಾವೋರಿ, ಅಂದ್ರೆ ಈ ನೆಲದ ಮೂಲ ಜನ. ಫೈಲ್‌ನಲ್ಲಿ ಮೇರಿ ಅಂತ ಬರೆದಿತ್ತು. ಮೇರಿ ಅಲ್ಲ, ಅವ್ರ ಹೆಸ್ರು ಮೇರೆ. ಅದೂ ನಂಗೆ ಆಮೇಲೆ ಗೊತ್ತಾಗಿದ್ದು, ನೋಡಿ, ಅವ್ರ ಹೆಸ್ರನ್ನೂ ನನ್ನ ಹೆಸ್ರಿನ ಥರಾನೇ ಕೆಡಿಸಿದ್ರು. ಅವ್ರಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಜೊತೆಗೆ ಇಂಗ್ಲಿಷೂ ಹೋಗ್ಬಿಡ್ತು. ಹಂಗೆ ಆಗುತ್ತೆ ಕಣೇ ನಿಧಿ, ನಾನೇ ಎಷ್ಟೋ ಜನರಲ್ಲಿ ನೋಡಿದೀನಿ, ಆಮೇಲೆ ಕಲ್ತಿದ್ದು ಹೋಗಿ ಮೊದ್ಲು ಕಲ್ತಿದ್ದು ಉಳಿಯುತ್ತೆ. ಅವ್ರ ಬಾಯಲ್ಲಿ ಬರ್ತಿದ್ದದ್ದು ಬರೀ ಮಾವೋರಿ, ಅದೂ ತೊದಲು. ಅವ್ರ ಮಗಳು ಅರೋಹಾ ಅಂತ, ಶಾಲೆಲಿ ಕೆಲ್ಸ ಮಾಡ್ತಿದ್ಲು, ದಿನಾ ಸಾಯಂಕಾಲ ಬರೋಳು. ಒಂದಿನ ಬಂದಾಗ ಒಂದು ರಟ್ಟು ತಂದು ಮಂಚದ ಮೇಲ್ಗಡೆ ಗೋಡೆಗೆ ಅಂಟಿಸಿದ್ಲು. ದಪ್ಪ ಪೆನ್ನಲ್ಲಿ ಒಂದೊಂದು ಸಾಲಿಗೆ ಒಂದೊಂದು ಪದ, ಸೊಟ್ಟಸೊಟ್ಟಗೆ, ಪಕ್ಕದಲ್ಲಿ ಇಂಗ್ಲಿಷಲ್ಲಿ ಅರ್ಥ. "ನ್ಯಾನ್ಸಿ, ಅಮ್ಮ ಏನಾದ್ರೂ ಕೇಳಿದ್ರೆ ಇದು ನೋಡ್ಕೊಳ್ಳಿ, ಪ್ಲೀಸ್" ಅಂತ ನಂಗೇ ಹೇಳಿದ್ಲು. ನಾನು ಆಯ್ತು ಅಂದೆ. ಮಾರನೇ ದಿನ ಬೆಳಿಗ್ಗೆ ಮ್ಯಾನೇಜರಮ್ಮ ರೌಂಡ್ಸ್ ಬಂದ್ಲು. "ಇದೇನಿದು? ಇಲ್ಲಿ ಇಂಗ್ಲಿಷ್ ಓನ್ಲಿ ಅಂತ ಎಷ್ಟು ಸಲ ಹೇಳೋದು? ಟೇಕ್ ಇಟ್ ಡೌನ್, ನ್ಯಾನ್ಸಿ." ನಾನು ಕುರ್ಚಿ ಹತ್ತಿ ಕಿತ್ತೆ. ಕಿತ್ತು, ಎರಡಾಗಿ ಮಡಚಿ, ಬಿನ್‌ಗೆ ಹಾಕ್ದೆ. ಓದ್ಲೂ ಇಲ್ಲ. ಅಜ್ಜಿ ಮಲ್ಗಿದ್ದಲ್ಲಿಂದ ನೋಡ್ತಾನೇ ಇದ್ರು. ನಾನು ಅವ್ರ ಕಡೆ ನೋಡ್ಲಿಲ್ಲ. ಸಾಯಂಕಾಲ ಅರೋಹಾ ಬಂದು ಗೋಡೆ ನೋಡಿ ಕೇಳಿದ್ಲು, ನಾನು "ಐ ಡೋಂಟ್ ನೋ" ಅಂದ್ಬಿಟ್ಟೆ. ಹೌದು ಮಗಾ, ಸುಳ್ಳು. ನಿಮ್ಮಜ್ಜಿನೇ ಹೇಳಿದ್ದು.

ಅದಾಗಿ ಒಂದು ವಾರ ಇರಬೇಕು. ಅಲ್ಲ, ವಾರ ಆಗಿರ್ಲಿಲ್ಲ, ಐದೋ ಆರೋ ದಿನ. ಅಜ್ಜಿಗೆ ಮತ್ತೆ ಕಾಯಿಲೆ ಜೋರಾಯ್ತು. ಮಧ್ಯಾಹ್ನ ನಾನು ಹೋದ್ರೆ ನನ್ನ ತೋಳು ಹಿಡ್ಕೊಂಡು "ವಾಯ್… ವಾಯ್…" ಅಂತಿದ್ರು. ಈಗ ನೀವೇ ಹೇಳಿ, ಮೈಸೂರಿಂದ ಬಂದೋಳಿಗೆ ವಾಯ್ ಅಂದ್ರೆ ಏನು ಅನ್ಸುತ್ತೆ? ನಮ್ಮಜ್ಜಿ ಹೊಟ್ಟೆ ಉಜ್ಜಿಕೊಂಡು "ವಾಯು ಕಣೇ, ವಾಯು, ಓಮದ ಕಾಳು ಕೊಡೇ" ಅಂತಿದ್ರಲ್ಲ, ಅದೇ ನನ್ನ ತಲೇಲಿ ಬಂತು. ಓಹೋ, ಹೊಟ್ಟೇಲಿ ವಾಯು ಸೇರ್ಕೊಂಡಿದೆ ಇವ್ರಿಗೆ, ನೋಯ್ತಿದೆ ಅಂದ್ಕೊಂಡೆ. ಎಂಥಾ ದೊಡ್ಡ ನರ್ಸು ನಾನು! ಬಿಸಿ ಚೀಲ ತಂದು ಹೊಟ್ಟೆ ಮೇಲಿಟ್ಟೆ. ಹೊಟ್ಟೆ ಉಜ್ಜಿದೆ. ನೋವು, ಗ್ಯಾಸು ಅಂತ ಪುಸ್ತಕದಲ್ಲಿ ಬರೆದೆ. ಡ್ಯೂಟಿ ನರ್ಸ್ ಬಂದು ನೋವಿಗೆ ಔಷಧಿ ಕೊಟ್ಲು. ಅಜ್ಜಿ ತಲೆ ಆ ಕಡೆ ಈ ಕಡೆ ಅಲ್ಲಾಡ್ಸ್ತಾ ಮತ್ತೆ "ವಾಯ್" ಅಂದ್ರು. ನಾನು ಇನ್ನೂ ಜೋರಾಗಿ ಉಜ್ಜಿದೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಕಣ್ಣು ಪಕ್ಕದ ಮೇಜಿನ ಮೇಲೇ ಇತ್ತು. ಆ ಮೇಜಿನ ಮೇಲೆ ಏನಿತ್ತು ಗೊತ್ತಾ? ನೀರಿನ ಲೋಟ. ಗಂಟಲಿಗೆ ಸಿಕ್ಕಿಕೊಳ್ದೆ ಇರ್ಲಿ ಅಂತ ಪುಡಿ ಹಾಕಿ ಗಟ್ಟಿ ಮಾಡಿಟ್ಟಿದ್ದ ನೀರು, ಪಕ್ಕದಲ್ಲೇ ಚಮಚ. ಔಷಧಿಗೆ ನಿದ್ದೆ ಬಂತು ಅವ್ರಿಗೆ. ಮತ್ತೆ ಏಳ್ಲಿಲ್ಲ. ಸಾಯಂಕಾಲ ಮಗಳು ಬರೋ ಹೊತ್ತಿಗೆ ಹೋಗ್ಬಿಟ್ಟಿದ್ರು. ನಾನೇನೋ ಸಮಾಧಾನ ಹೇಳ್ದೆ, ನೋವಿಲ್ದೆ ಹೋದ್ರು ಅಂದೆ. ಆಗ ನಂಗೆ ನಿಜವಾಗ್ಲೂ ಹಂಗೇ ಅನ್ಸಿತ್ತು.

ನಿಮ್ಮಮ್ಮ ಆಗ ಕಿಂಡರ್‌ಗಾರ್ಟನ್‌ಗೆ ಹೋಗ್ತಿದ್ಲು. ಆ ಅಜ್ಜಿ ಹೋಗಿ ತಿಂಗಳು ಕಳೆದಿತ್ತೇನೋ, ಒಂದಿನ ಮಧ್ಯಾಹ್ನ ಮನೆಗೆ ಬಂದೋಳೇ ಖಾಲಿ ಲೋಟ ಹಿಡ್ಕೊಂಡು ನನ್ನ ಸೆರಗು ಜಗ್ಗಿದ್ಲು. "ಅಮ್ಮಾ, ವಾಯ್. ವಾಯ್ ಪ್ಲೀಸ್." ನಾನು ಹೊಟ್ಟೆನೋವೇನೇ ಅಂದೆ. ಅವಳು ನಕ್ಕಳು. "ನೋ ಅಮ್ಮಾ! ವಾಯ್! ವಾಟರ್!" ಟೀಚರು ಹೇಳಿಕೊಟ್ಟಿದ್ರಂತೆ, ಮಾವೋರಿಲಿ ವಾಯ್ ಅಂದ್ರೆ ನೀರು. ಅಯ್ಯೋ, ಹಂಗೇ ನೆಲದ ಮೇಲೆ ಕೂತ್ಬಿಟ್ಟೆ ಕಣ್ರೋ. ಈ ದೇಶದ ತುಂಬ ಊರು, ನದಿ ಬೋರ್ಡ್ ಮೇಲೆ ಅದೇ ಇದೆ. ವೈಕಾಟೊ ನದಿ, ವೈಹೆಕೆ ದ್ವೀಪ ಅಂತ ನಾವೂ ಎಲ್ಲರ ಥರ ಹೇಳ್ಕೊಂಡು ಓಡಾಡ್ತಿದ್ವಲ್ಲ, ಆ ವೈ ಅನ್ನೋದೇ ಈ ವಾಯ್. ದಿನಾ ಕೆಲಸಕ್ಕೆ ಹೋಗೋ ದಾರೀಲಿ ಸೇತುವೆ ಹತ್ರ ಬರೆದಿತ್ತು, ನಾನು ಓದ್ಕೊಂಡೇ ಹೋಗ್ತಿದ್ದೆ. ನಮ್ಮಲ್ಲಿ ಸಾಯೋರ ಬಾಯಿಗೆ ನೀರು ಬಿಡ್ತಾರೆ. ಶತ್ರುನೇ ಆಗ್ಲಿ, ಬಾಯಿಗೆ ಎರಡು ತೊಟ್ಟು ನೀರು ಬಿಡದೆ ಕಳ್ಸಲ್ಲ. ನಾನು ಬಿಸಿ ಚೀಲ ಇಟ್ಟೆ. ಆ ಅಜ್ಜಿ ನೀರಿಲ್ಲದೆ ಸತ್ರು ಅಂತಲ್ಲ, ಅವ್ರ ಕಾಲ ಮುಗಿದಿತ್ತು, ಅದು ನಂಗೂ ಗೊತ್ತು. ಆದ್ರೆ ನೀರು ಕೇಳಿ ಕೇಳಿ ಸತ್ರು. ಕೇಳಿದ್ದು ನನ್ನನ್ನ.

ಆಮೇಲೆ ಪರೀಕ್ಷೆ ಪಾಸಾಯ್ತು, ಆಕ್ಲೆಂಡಿಗೆ ಬಂದ್ವಿ, ಬ್ಯಾಡ್ಜ್ ಮೇಲೆ ನನ್ನ ಹೆಸ್ರು ನಾನೇ ಪೂರ್ತಿ ಹಾಕ್ಸಿದೆ. ವರ್ಷಗಳು ಹೋದ್ವು. ಹೋದ ವರ್ಷ ಜೆಸಿಂತಾ ಫೋನ್ ಮಾಡಿದ್ಲು, ಅವಳು ಇನ್ನೂ ಆ ಊರಲ್ಲೇ ಇದಾಳಲ್ಲ. "ನಾಗರತ್ನಾ, ಇಲ್ಲಿ ಕೌನ್ಸಿಲ್‌ನೋರು ಒಂದು ಕಮಿಷನ್ ಮಾಡಿದಾರೆ, ನೀನೂ ಬಂದು ಹೇಳ್ಬೇಕು" ಅಂದ್ಲು. ನಿಮ್ಮ ತಾತ ಕಮಿಷನ್ ಅಂದ್ರೆ ಬ್ರೋಕರ್ ಕಮಿಷನ್ ಅಂದ್ಕೊಂಡು "ಯಾರ ಮನೆ ಮಾರ್ತಿದಾರೆ?" ಅಂದ್ರು! ಅದಲ್ಲ. ಜನಾಂಗದ ಹೆಸ್ರಲ್ಲಿ ಆ ಊರಲ್ಲಿ ಯಾರ್ಯಾರಿಗೆ ಏನೇನು ಅನ್ಯಾಯ ಆಯ್ತು, ಯಾರ ಭೂಮಿ ಹೋಯ್ತು, ಯಾರ ಭಾಷೆ ಹೋಯ್ತು ಅಂತ ಜನರ ಬಾಯಿಂದಾನೇ ಕೇಳಿ ಊರಿನ ದಾಖಲೇಲಿ ಬರ್ಕೊಳ್ಳೋದು. ಶಿಕ್ಷೆ ಗಿಕ್ಷೆ ಇಲ್ಲ, ಸತ್ಯ ಹೇಳೋದು, ಕೇಳೋದು, ಆಮೇಲೆ ಆದ್ರೆ ಒಂದಾಗೋದು. ನಾನು ಬ್ಯಾಡ್ಜ್ ಕಥೆ ಬರ್ಕೊಂಡೆ, ಎರಡು ಹಾಳೆ. ನಂಗೇನು ಕಮ್ಮಿ ಅನ್ಯಾಯ ಆಗಿತ್ತಾ! ಇಸ್ತ್ರಿ ಸೀರೆ ಉಟ್ಕೊಂಡು ಹೋದೆ. ಹಾಲ್‌ನಲ್ಲಿ ಉದ್ದ ಮೇಜು, ಕಮಿಷನ್‌ನೋರು ಮೂರು ಜನ, ಮಾತಾಡೋರೆಲ್ಲ ಅದೇ ಮೇಜಿನ ಸುತ್ತ. ಮೊದ್ಲು ಮಾವೋರಿಲಿ ಪ್ರಾರ್ಥನೆ ಆಯ್ತು. ಆಮೇಲೆ ನನ್ನ ಎದುರುಗಡೆ ಕೂತಿದ್ದ ಒಬ್ಳು ಎದ್ದು ನಿಂತ್ಲು, ತಲೆ ಪೂರ್ತಿ ಬೆಳ್ಳಗಾಗಿತ್ತು. ದನಿ ಕೇಳಿ ಗುರುತು ಸಿಕ್ತು. ಅರೋಹಾ.

ಅವಳು ಹೇಳಿದ್ದು ಹಿಂಗೆ. ಅವಳಮ್ಮನಿಗೆ ಸಣ್ಣೋಳಿದ್ದಾಗ ಶಾಲೆಲಿ ಮಾವೋರಿ ಮಾತಾಡಿದ್ದಕ್ಕೆ ಬೆತ್ತದಲ್ಲಿ ಹೊಡೀತಿದ್ರಂತೆ. ಅದಕ್ಕೇ ಆ ಯಮ್ಮ ಜೀವಮಾನ ಪೂರ್ತಿ ಮನೇಲೂ ಆ ಭಾಷೇಲಿ ಒಂದಕ್ಷರ ಬರೀಲಿಲ್ಲ. ಸ್ಟ್ರೋಕ್ ಆದಮೇಲೆ ಬೇರೆ ಮಾತೇ ಉಳಿದಿರ್ಲಿಲ್ವಲ್ಲ, ಆಗ ಮೊದಲ್ನೇ ಸಲ, ಎಡಗೈಯಲ್ಲಿ, ಎರಡು ದಿನ ಕೂತು ಒಂದು ರಟ್ಟಿನ ಮೇಲೆ ಪದಗಳನ್ನ ಬರೆದ್ರಂತೆ. ಇಂಗ್ಲಿಷ್ ಅರ್ಥ ಮಾತ್ರ ಮಗಳು ಬರೆದಿದ್ದು. "ನಮ್ಮಮ್ಮ ಅವಳ ಭಾಷೇಲಿ ಬರೆದದ್ದು ಅದೊಂದೇ. ಯಾರೋ ಕಿತ್ತುಬಿಟ್ರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಂಗೆ ಯಾರ ಮೇಲೂ ಕೇಸ್ ಬೇಡ, ಆ ರಟ್ಟು ಏನಾಯ್ತು ಅಂತ ಗೊತ್ತಾದ್ರೆ ಸಾಕು" ಅಂದು ಕೂತ್ಲು. ನನ್ನ ಕಡೆ ನೋಡಿದ್ಲು, ಗುರುತು ಸಿಗ್ಲಿಲ್ಲ ಅವಳಿಗೆ. ಸಿಗೋದೂ ಇಲ್ಲ, ಅವಳಿಗೆ ಗೊತ್ತಿದ್ದೋಳು ನ್ಯಾನ್ಸಿ. ಮುಂದಿನ ಹೆಸರು ನಂದೇ. ಸುಮ್ನೆ ಬ್ಯಾಡ್ಜ್ ಕಥೆ ಓದಿ ಕೂತಿದ್ರೆ ಮುಗೀತಿತ್ತು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಎದ್ದೆ. ಹಾಳೆ ಬಿಡಿಸ್ದೆ. ನನ್ನ ಹೆಸರು ನಾಗರತ್ನ ಅಂದೆ, ಅಷ್ಟೇ. ನಾಲಿಗೆ ಅಂಗುಳಕ್ಕೆ ಅಂಟ್ಕೊಂಡ್ತು. ಇಷ್ಟು ವರ್ಷ ಮಾತಾಡಿದ ಇಂಗ್ಲಿಷಲ್ಲಿ ಒಂದು ಪದ ಬರ್ಬೇಕಲ್ಲ, ಬರ್ಲೇ ಇಲ್ಲ ಕಣೇ. ಬಾಯಿಂದ ಬಂದಿದ್ದು "ನೀರು… ನೀರು…" ಅಂತ.

ಅರೋಹಾ ಎದ್ಲು. ಜಗ್‌ನಿಂದ ಲೋಟಕ್ಕೆ ನೀರು ಬಗ್ಗಿಸಿ, ಮೇಜು ಸುತ್ತಿ ಬಂದು ನನ್ನ ಕೈಗೆ ಕೊಟ್ಲು. ಅವಳಿಗೆ ಕನ್ನಡ ಬರುತ್ತಾ? ಬರಲ್ಲ. ನನ್ನ ಮುಖ ನೋಡಿದ್ಲು, ಅಷ್ಟೇ. ಮುಖ ನೋಡಿದ್ರೆ ಗೊತ್ತಾಗುತ್ತೆ ನೋಡಿ, ನಂಗೆ ಯಾಕೆ ಗೊತ್ತಾಗ್ಲಿಲ್ಲ ಅವತ್ತು? ಅರ್ಧ ನೀರು ಸೀರೆ ಮೇಲೆ ಚೆಲ್ಕೊಂಡೆ. ಕುಡಿದೆ. ಕುಡಿದು ಎಲ್ಲಾ ಹೇಳ್ದೆ. ಬ್ಯಾಡ್ಜ್ ಕಥೆ ಅಲ್ಲ, ಕುರ್ಚಿ ಹತ್ತಿದ್ದು, ಕಿತ್ತಿದ್ದು, ಸುಳ್ಳು ಹೇಳಿದ್ದು, ವಾಯು ಅಂದ್ಕೊಂಡಿದ್ದು. ಎಲ್ಲಾ. ಅರೋಹಾ ನಿಂತೇ ಇದ್ಲು ನನ್ನ ಪಕ್ಕ. "ಅದನ್ನ ಓದಿದ್ರಾ?" ಅಂದ್ಲು. ಇಲ್ಲ ಅಂದೆ. "ಮೊದಲ್ನೇ ಸಾಲು ವಾಯ್ ಅಂತಾನೇ ಇತ್ತು." ಇಷ್ಟು ಹೇಳಿ ಹೊರಗೆ ಹೋಗ್ಬಿಟ್ಲು.

ಕ್ಷಮಿಸಿದ್ಲಾ ಅಂತೀಯಾ ನಿಧಿ? ಇಲ್ಲಮ್ಮ. ಸಿನಿಮಾನಾ ಇದು, ತಬ್ಕೊಂಡು ಅಳೋದಕ್ಕೆ. ಆಮೇಲೆ ಕಾರ್ ಹತ್ರ ಸಿಕ್ಕಿದ್ಲು. "ಪರವಾಗಿಲ್ಲ ಅಂತ ನಾನು ಹೇಳಲ್ಲ" ಅಂದ್ಲು. ಹೇಳ್ಬೇಡಿ ಅಂದೆ. ಹೊರಟೋಳು ಮತ್ತೆ ತಿರುಗಿ, "ನಿಮ್ಮ ಹೆಸರು ಇನ್ನೊಂದ್ಸಲ ಹೇಳಿ" ಅಂದ್ಲು. ಹೇಳ್ದೆ. ಬಿಡಿಬಿಡಿಸಿ ಪೂರ್ತಿ ಹೇಳಿದ್ಲು ಕಣೇ, ನಾ-ಗ-ರತ್-ನ, ಒಂದಕ್ಷರ ತಪ್ಪಲಿಲ್ಲ. ಅವಳಮ್ಮನ ಹೆಸರನ್ನ ನಾನು ಒಂದಿನಾನೂ ಸರಿಯಾಗಿ ಕರೆದಿರ್ಲಿಲ್ಲ. ಅದಕ್ಕೇ ಅವತ್ತು ದಾರಿ ಪೂರ್ತಿ ಅತ್ಕೊಂಡು ಬಂದೆ, ನಿಮ್ಮ ತಾತ ಪಾಪ ಎರಡು ಗಂಟೆ ಕಾರ್ ಓಡ್ಸಿದ್ರು. ನನ್ನ ಮಾತನ್ನ ಊರಿನ ದಾಖಲೇಲಿ ಬರ್ಕೊಂಡಿದಾರಂತೆ, ಇರ್ಲಿ, ಆ ರಟ್ಟಂತೂ ವಾಪಸ್ ಬರಲ್ಲ. ಅಳ್ಬೇಡ ಅಮೋಘ, ನೀನ್ಯಾಕೆ ಅಳ್ತೀಯಾ. ಕೇಳಿ ಇಲ್ಲಿ ಇಬ್ರೂ. ಯಾರಾದ್ರೂ ನಿಮಗೆ ಗೊತ್ತಿಲ್ದೆ ಇರೋ ಮಾತಲ್ಲಿ ಏನಾದ್ರೂ ಕೇಳಿದ್ರೆ, ನಿಮ್ಮ ತಲೇಲಿರೋ ಅರ್ಥ ಹಚ್ಚಕ್ಕೆ ಹೋಗ್ಬೇಡಿ, ಮುಖ ನೋಡಿ. ಆಗ್ಲೂ ತಿಳೀಲಿಲ್ವಾ, ಮೊದ್ಲು ಒಂದು ಲೋಟ ನೀರು ಕೊಡಿ, ಆಮೇಲೆ ಕೇಳಿ. ನೋಡು, ಬೆಲ್ ಆಯ್ತು. ಹೋಗು ನಿಧಿ, ಬರೀ ಕೈಲಿ ಹೋಗ್ಬೇಡ.