ಸಾವಿನ ಮನಿ ಒಲಿ, ಗಾಣದ ಗಾಲಿ

...ಅಲ್ಲವಾ, ಉಕ್ಕು ಸೀಳಿದ್ರ ದೊಡ್ಡ ಸಪ್ಪಳ ಆಗತೈತಿ ಅಂತ ತಿಳದೀರೇನು? ಇಲ್ಲ. ಟಿಣ್ ಅಂತೈತಿ, ಅಷ್ಟ, ಬಳಿ ಒಡದಂಗ. ಆ ಸಪ್ಪಳಕ್ಕ ನಾ ಅಂಜಿದಷ್ಟು ಹಾವಿಗೂ ಅಂಜಿಲ್ಲ ನೋಡ್ರಿ. ಬೈಲಹೊಂಗಲದಾಗ ನಿಮ್ಮಜ್ಜಂದು ಕುಲುಮಿ ಇತ್ತು, ಇದ್ದಲಿ ಹಾಕಾಕಿ ನಾನ, ಗಾಳಿ ಚಕ್ರ ತಿರವಾಕಿ ನಾನ. ಕುಡಗೋಲು, ಕೊಡ್ಲಿ ಬರತಿದ್ವು... ಅಲ್ಲಲ್ಲ, ಆವಾಗ ಅವೆಲ್ಲ ಕಡಿಮಿ ಆಗಿದ್ವು, ಕಬ್ಬಿನ ಗಾಣದ ಹಲ್ಲಿನ ಗಾಲಿ ಬರತಿದ್ವು. ಹಲ್ಲು ಕೊಯ್ಯೋರು ಲೇತಿನವರು, ಹದಾ ಕೊಡಾಂವ ನಿಮ್ಮಜ್ಜ. ಕೆಂಪಗ ಕಾಸಿ ಎಣ್ಣ್ಯಾಗ ಅದ್ದಿದ್ರ ಉಕ್ಕು ಗಟ್ಟಿ ಆಗತೈತಿ, ಖರೆ. ಆದ್ರ ಆಮ್ಯಾಲ ಬಾಣಂತಿ ನೋಡಿದಂಗ ನೋಡಬೇಕು, ಪೂರಾ ತಣ್ಣಗಾಗೂದರಾಗ ಮತ್ತ ಸಣ್ಣ ಉರಿಗೆ ಹಿಡದು ಬಿಗಿ ಇಳಸಬೇಕು. ಹಂಗ ಬಿಟ್ರ ಒಳಗಿನ ಬಿಗಿಗೆ ತಾನ ಸೀಳತೈತಿ, ಒಮ್ಮೊಮ್ಮೆ ಸೀಳಿದ್ದು ಕಣ್ಣಿಗೂ ಕಾಣಂಗಿಲ್ಲ.

ಆ ಸಲ ಬಂದದ್ದು ಮುನವಳ್ಳಿ ಕಡೆ ಗಾಣದ ಗಾಲಿ. ಅಲ್ಲಿ ಗಾಣದ ಬಾಯಿಗೆ ಕಬ್ಬು ಕೊಡಾಂವ ಯಾರು? ನನ್ನ ತಮ್ಮ ಮೌನ್ಯಾ. ಹಿಂದಿನ ಗಾಲಿ, ಅದು ನಮ್ಮದಲ್ಲ ಮತ್ತ, ಬ್ಯಾರೆ ಕಡೆಯಿಂದ ತಂದಿದ್ರು, ಗಾಣ ತಿರಗೂ ಮುಂದ ಅದರ ಹಲ್ಲು ಮುರದು ಹಾರಿ ಅವನ ಕಿವಿ ಸವರಿ ಹೋಗಿತ್ತು. ಒಂದೀಟ ಈಚೆ ಬಂದಿದ್ರ ಮೌನ್ಯಾ ಇರತಿದ್ದಿಲ್ಲ, ಗೊತ್ತಾತ? ನಮ್ಮ ಕಡೆ ಬಂದ ಹೊಸಾ ಗಾಲಿ ಮರುದಿನ ಕೂಡಿಸೂದಿತ್ತು, ಅದರ ಬಾಜೂಕ ಕುಂಡರಾಂವನೂ ಅವನ.

ನಿಮ್ಮಜ್ಜ ಗಾಲಿ ಎಣ್ಣಿಯಿಂದ ಎತ್ತಿದ್ದ, ಇನ್ನ ಉರಿಗೆ ಹಿಡೀಬೇಕು, ಅಷ್ಟರಾಗ ಬಾಜೂ ಮನ್ಯಾಗ "ಯವ್ವಾ..." ಅಂತ ಅಳು ಎದ್ದತು. ಆ ಮನಿ ಸೊಸಿ ನೀಲವ್ವ, ಆಕಿ ಅತ್ತಿ ಹೋಗಿಬಿಟ್ಟಳು. ನಮ್ಮ ಓಣ್ಯಾಗ ಹೆಣಾ ಎತ್ತೂತನಕ ಯಾರೂ ಒಲಿ ಹೊತ್ತಸಂಗಿಲ್ಲ, ಕುಲುಮಿಗೂ ಅದ ಮಾತು. ಹಿರ್ಯಾರೊಬ್ಬರು ಬಾಗಲಕ್ಕ ಬಂದು "ಬೆಂಕಿ ಆರಸಪಾ" ಅಂದ್ರು. ನಿಮ್ಮಜ್ಜ ನೀರಿನ ಕೊಡಾ ಎತ್ತಿ ಬೆಂಕಿ ಮ್ಯಾಲ ಸುರುವಿದಾ. "ಏನ್ರೀ, ಗಾಲಿ?" ಅಂದೆ. "ಏನ್ ಮಾಡ್ಲಿ, ಎಣ್ಣ್ಯಾಗ ಇರಲಿ." "ಎಷ್ಟೊತ್ತು ತಡೀತೈತ್ರಿ?" "ನಂಗೇನ ಗೊತ್ತು?" ನಂಗೇನ ಗೊತ್ತು ಅಂತ ಅಂವ ಎಂದೂ ಅಂದಾಂವಲ್ಲ. ಸತ್ತ ಮುದುಕಿ ಮಗಳು ರಾಮದುರ್ಗದಿಂದ ಬರಬೇಕಾಗಿತ್ತು, ಆಕಿ ಬರೂತನಕ ಹೆಣಾ ಎತ್ತೂದಿಲ್ಲ. ಅತ್ತಾಗ ಭಜನಿಯವರು ಬಂದು ಕುಂತ್ರು. ತಾಳಾ ಟಿಣ್ ಅಂದಾಗೊಮ್ಮೆ ಗಾಲಿನ ಸೀಳಿತು ಅಂತ ನಾ ಒಳಗ ಓಡಾಕಿ. ನೋಡಿದ್ರ ಗಾಲಿ ಸುಮ್ಮನ ಕುಂತಿರತಿತ್ತು. ಹೊರಗ ಬಂದ್ರ ಮತ್ತ ಟಿಣ್. ಯಪ್ಪಾ, ಹುಚ್ಚ ಹಿಡಿಯೂದೊಂದ ಬಾಕಿ!

ಓಣ್ಯಾಗ ಒಂದ ಒಂದು ಬೆಂಕಿ ಉರೀತಿತ್ತು. ನೀಲವ್ವನ ಅಂಗಳದಾಗ, ಹೆಣಕ್ಕ ಎರಿಯೂ ನೀರಿನ ಹಂಡೇದ ಕೆಳಗ. ಕುದಿಯೂ ನೀರಾಗ ಇಟ್ರ ಪೂರಾ ಬಿಗಿ ಇಳಿಯಂಗಿಲ್ಲ, ಆದ್ರ ಹೆಣಾ ಎತ್ತೂತನಕ ಗಾಲಿ ಸೀಳದಂಗ ತಡೀತೈತಿ. ನಿಮ್ಮಜ್ಜಗ ಹೇಳಿದೆ. "ಹುಚ್ಚಿ, ಸತ್ತ ಮನ್ಯಾಗ ಹೋಗಿ ಗಾಲಿ ಕಾಸಿಕೊಡ್ರಿ ಅಂತ ಕೇಳತಿ? ಓಣ್ಯಾಗ ಮುಖಾ ತೋರಸಾಕ ಆದೀತೇನ?" ಅಂದಾ. ಅದೂ ಖರೇನ. ಆದ್ರ ಮೌನ್ಯಾನ ಕಿವಿ ಕಣ್ಣ ಮುಂದ ಬರಾಕ ಹತ್ತಿತ್ತು. ಹೋದೆ. ನೀಲವ್ವ ಅತ್ತಿ ಬಾಜೂಕ ಕುಂತಿದ್ಲು, ಬಗ್ಗಿ ಕಿವ್ಯಾಗ ಎಲ್ಲಾ ಹೇಳಿದೆ. ಅಲ್ಲೇ ಇದ್ದ ಒಬ್ಬ ಮುದುಕಿ "ಹೊತ್ತು ಗೊತ್ತು ಇಲ್ಲೇನ ಈಕಿಗೆ?" ಅಂತ ಒದರಿದ್ಲು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸಿತು. ನೀಲವ್ವ ಸೆರಗಲೆ ಕಣ್ಣು ಒರಸಿಕೊಂಡು ಎದ್ದಳು. "ನಮ್ಮತ್ತಿ ಅಂತೂ ಹೋದಳು. ನಿನ್ನ ತಮ್ಮಾರ ಇರಲಿ, ಅಕ್ಕಾ" ಅಂದ್ಲು. ಹಂಡೇದ ಬಾಜೂಕ ತನ್ನ ಬೋಗಾಣಿ ತಾನ ಇಟ್ಟು, ನೀರು ಹಾಕಿ, ಅದರ ಕೆಳಗ ಉರಿಯೂ ಕಟಗಿ ಸರಿಸಿದ್ಲು. ನೀರು ಕುದಿ ಬಂದ ಮ್ಯಾಲ ಗಾಲಿ ಅದರಾಗ ಇಳಿಬಿಟ್ವಿ.

ಮಗಳು ಬಂದ ಮ್ಯಾಲ ಮಣ್ಣು ಮಾಡಿ ಬಂದು, ಮೈ ತೊಳಕೊಂಡು, ಕುಲುಮಿ ಹೊತ್ತಿಸಿ ಬಿಗಿ ಇಳಿಸಿದ್ದಾತು. ಆಮ್ಯಾಲ ನಿಮ್ಮಜ್ಜ ಗಾಲಿಗೆ ಸೀಮಿಎಣ್ಣಿ ಹಚ್ಚಿ, ಒರಸಿ, ಸುಣ್ಣದ ಪುಡಿ ಬಳದಾ. ಎಲ್ಲೆರ ಸೀಳಿದ್ರ ಸುಣ್ಣದಾಗ ಎಣ್ಣಿ ಗೆರಿ ಮೂಡತೈತಿ. ನಾ ಗ್ವಾಡಿಗೆ ಮುಖಾ ಮಾಡಿ ನಿಂತೆ. "ನೋಡ ಬಾ ಇಲ್ಲೆ." "ಒಲ್ಲೆ, ನೀವ ಹೇಳ್ರಿ." ತಿರುಗಿ ನೋಡಿದ್ರ ನಿಮ್ಮಜ್ಜ ಅಳಾಕ ಹತ್ಯಾನ! ಮುಗೀತು ಅಂದಕೊಂಡೆ. ಗಾಲಿ ನೋಡಿದ್ರ ಬೆಳ್ಳಗ ಐತಿ, ಒಂದ ಗೆರಿ ಇಲ್ಲ. ಅಂವನೂ ನನ್ನಷ್ಟ ಅಂಜಿದ್ದ, ಬಾಯಿ ಬಿಟ್ಟಿದ್ದಿಲ್ಲ ಅಷ್ಟ. ಅದಕ್ಕ ಹೇಳತೇನಿ, ಅಂಜಿಕಿ ಬಂದ್ರ ಮಂದಿ ಏನಂದಾರು ಅಂತ ಬಾಯಿ ಮುಚಗೊಂಡು ಕುಂಡರಬ್ಯಾಡ್ರಿ, ಹೋಗಿ ಕೇಳ್ರಿ. ಏಳ್ರಿ ಇನ್ನ, ರೊಟ್ಟಿ ಆರತಾವ.