ಪಿಕಪ್ ಡಬ್ಬಿ

ಇಳಿಜಾರು ಮುಗಿದ ಜಾಗದಲ್ಲಿ ಗಾಡಿ ನಿಂತುಹೋಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಎಂಜಿನ್ ಒಮ್ಮೆ ಕೆಮ್ಮಿತು, ಅಷ್ಟೆ. ನನ್ನ ತಮ್ಮನ ಮಗ ಕೀ ತಿರುಗಿಸಿ ನೋಡಿದ. ಕರ್ರ್... ಕರ್ರ್... ಹತ್ತಲಿಲ್ಲ. ಬಾಡಿಗೆ ಮುಗಿಸಿ ಗುಡ್ಡದಾಚೆಯಿಂದ ಮನೆಗೆ ಬರುತ್ತಿದ್ದ. ಕತ್ತಲಾಗಿತ್ತು. ಮನೆಯಲ್ಲಿ ತುಂಬು ಬಸುರಿ ಹೆಂಡತಿ. ಗಾಡಿಯನ್ನು ರಸ್ತೆ ಬದಿಗೆ ತಳ್ಳಿ, ಬೀಗ ಹಾಕಿ, ಕೀ ಜೇಬಿಗಿಳಿಸಿ ನಡೆದ.

ಅಲ್ಲಿಂದ ಸ್ವಲ್ಪ ಮುಂದೆ ಒಂದು ಹಾಳು ಬಾವಿ ಇದೆ. ಕಟ್ಟೆ ಒಂದು ಕಡೆ ಕುಸಿದಿದೆ. ಬಾವಿ ದಾಟುವಾಗ ಹಿಂದೆ ಸದ್ದಾಯಿತು.

ಧಪ್.

ಗಾಡಿಯ ಬಾಗಿಲು ಹಾಕಿದ ಸದ್ದು. ದಿನವೂ ಕೇಳುವವನಿಗೆ ಅದು ಬೇರೆ ಯಾವುದೋ ಅನ್ನಿಸುವುದಿಲ್ಲ. ನಿಂತ. ಸ್ವಲ್ಪ ಬಿಟ್ಟು ಇನ್ನೊಂದು... ಧಪ್. ಇದು ಹಿಂದಿನ ಬಾಗಿಲು.

ಆಮೇಲೆ ಎಂಜಿನ್ ಹತ್ತಿತು. ಟಕ ಟಕ ಟಕ. ಹತ್ತಿ ಹಾಗೇ ನಿಂತಲ್ಲೇ ಓಡುತ್ತಿತ್ತು. ಇವನು ಜೇಬು ಮುಟ್ಟಿ ನೋಡಿಕೊಂಡ. ಕೀ ಇತ್ತು.

ಅಷ್ಟರಲ್ಲಿ ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದರು.

"ಬಾ... ತಡ ಆಯ್ತು."

ಗಂಡಸಿನ ದನಿ. ಓಡಿ ಬಂದವನ ಏದುಸಿರು ಅದರಲ್ಲಿತ್ತು.

ಇವನು ಹಿಂದೆ ನೋಡಲಿಲ್ಲ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನೆಗೆ ಬಂದು ಹೆಂಡತಿಗೆ ನಾಯಿ ಅಟ್ಟಿಸಿಕೊಂಡು ಬಂತು ಅಂದನಂತೆ. ಅವಳು ನಂಬಿದ ಹಾಗೆ ಮಾಡಿದಳಂತೆ.

ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋದ. ಗಾಡಿಯ ಮೂತಿ ಗುಡ್ಡದ ಕಡೆಗಿತ್ತು. ಬಿಟ್ಟುಬಂದಾಗ ಮನೆಯ ಕಡೆಗಿತ್ತು ಎಂದು ಆಣೆ ಮಾಡಿದ. ಬೀಗ ಹಾಕಿದ್ದು ಹಾಗೇ ಇತ್ತು. ತೆಗೆದು ಒಳಗೆ ಕೂತ. ಅವನ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ನಮ್ಮ ಹುಡುಗ ಗಿಡ್ಡ. ಸೀಟನ್ನು ಯಾವಾಗಲೂ ಪೂರ್ತಿ ಮುಂದಕ್ಕೆ ಎಳೆದುಕೊಂಡೇ ಓಡಿಸುವವನು. ಈಗ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು.

ಕೀ ತಿರುಗಿಸಿದ. ಒಂದೇ ಸಲಕ್ಕೆ ಹತ್ತಿತು.

"ದೊಡ್ಡಪ್ಪ, ಇದಕ್ಕೇನಂತೀರಿ?" ಅಂದ.

"ನೀನು ಹಾಕಿಸಿದ ಆ ಡಬ್ಬಿ ಎಲ್ಲಿಂದ ತಂದದ್ದು?" ಅಂದೆ.

ಡಬ್ಬಿಯ ವಿಷಯ ಹೇಳಬೇಕು. ಇವನದು ಏಳು ಸೀಟಿನ ಡೀಸೆಲ್ ಗಾಡಿ. ಹಳೆಯದು. ಬಾಡಿಗೆಗೆ ಓಡಿಸುತ್ತಾನೆ. ಸಮತಟ್ಟಿನಲ್ಲಿ ತೊಂದರೆ ಇಲ್ಲ, ಏರಿನಲ್ಲಿ ಎತ್ತಿನಗಾಡಿ. ಆಸ್ಪತ್ರೆ ಇರುವುದು ಗುಡ್ಡದ ಆಚೆ. ಹೋದ ಸಲ ಹೆಂಡತಿಗೆ ನೋವು ಬಂದಾಗ ಇದೇ ಗಾಡಿಯಲ್ಲಿ ಹೊರಟಿದ್ದ. ಏರಿನಲ್ಲಿ ಮುಂದೆ ಕಲ್ಲು ಹೇರಿದ ಲಾರಿ. ಎರಡು ಸಲ ಪಕ್ಕಕ್ಕೆ ತೆಗೆದನಂತೆ, ಎರಡು ಸಲವೂ ಗಾಡಿ ಎಳೆಯಲಿಲ್ಲ, ಮತ್ತೆ ಲಾರಿಯ ಹಿಂದಕ್ಕೇ ಬಂದ. ಆಸ್ಪತ್ರೆ ಮುಟ್ಟಿದರು. ಮಗು ಉಳಿಯಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಅವನು ಇನ್ನೂ ನುಂಗಿಲ್ಲ.

ಗಾಡಿ ಬದಲಾಯಿಸಲು ಕೈಯಲ್ಲಿ ಆಗುವುದಿಲ್ಲ. ಆಗ ತಂತಿ ಸಿಕ್ಕಿದ. ಅವನು ಗಾಡಿಗಳ ವೈರಿಂಗ್ ಮಾಡುವವನು. ಆಳೂ ತಂತಿಯ ಹಾಗೇ ಇದ್ದಾನೆ, ಅದಕ್ಕೇ ಆ ಹೆಸರು. ಒಂದು ಡಬ್ಬಿ ಇದೆ, ಸಿಗರೇಟ್ ಪ್ಯಾಕಿನಷ್ಟು, ಸುಮ್ಮನೆ ಪ್ಲಗ್ ಸಿಕ್ಕಿಸಿದರೆ ಆಯಿತು, ಪಿಕಪ್, ಅಂದರೆ ಎಳೆಯುವ ಶಕ್ತಿ, ಜೋರಾಗಿಬಿಡುತ್ತದೆ ಅಂದ. ಎಂಜಿನ್ನಿನಲ್ಲಿ ಡೀಸೆಲ್ ಒತ್ತಡ ನೋಡುವ ಸೆನ್ಸರ್ ಇರುತ್ತದೆ. ಡಬ್ಬಿ ಅದರ ಮಧ್ಯೆ ಕೂತು, ಒತ್ತಡ ಕಡಿಮೆ ಇದೆ ಎಂದು ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಅದು ನಂಬಿ ಹೆಚ್ಚು ಡೀಸೆಲ್ ಬಿಡುತ್ತದೆ.

ಸುಳ್ಳು ಹೇಳೋಕೆ ಡಬ್ಬಿ ಯಾಕೋ, ನೀನೇ ಇದ್ದೀಯಲ್ಲ ಎಂದಿದ್ದೆ ಅವನಿಗೆ. ನಕ್ಕಿದ್ದ.

ಆದರೆ ಗಾಡಿ ನಿಜವಾಗಿಯೂ ಎಳೆಯಿತು. ನಾನೂ ಕೂತು ನೋಡಿದೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಹೋಯಿತು. ಟರ್ಬೋ ಸುಯ್ ಎಂದು ಕೂಗುತ್ತಿತ್ತು. ಹುಡುಗನ ಮುಖ ಬಹಳ ದಿನದ ಮೇಲೆ ಅರಳಿತ್ತು.

ಬಾವಿಯ ಹತ್ತಿರದಿಂದ ನೇರ ತಂತಿಯ ಅಂಗಡಿಗೆ ಹೋದೆವು. ಅವನು ಬಲು ಚೊಕ್ಕ ಮನುಷ್ಯ. ಸ್ಕ್ರೂಡ್ರೈವರನ್ನೂ ಒರೆಸಿಯೇ ಕೆಳಗಿಡುವುದು. ಡಬ್ಬಿ ಎಲ್ಲಿಯದು ಎಂದು ಕೇಳಿದೆ. ಗುಜರಿಯಿಂದ ತಂದೆ, ಹೊಸದು ಕೊಳ್ಳಲು ಇವನ ಕೈಯಲ್ಲಿ ಆಗುವುದಿಲ್ಲ ಅಂದ.

"ಅದರ ಮೇಲೆ ಕೆಂಪು ಬಣ್ಣ ಇತ್ತಾ?"

"ಇತ್ತು ಯಜಮಾನ್ರೇ. ಯಾರೋ ಬೆರಳಲ್ಲಿ ಬಳಿದ ಹಾಗೆ. ಕೊಳಕು ಕಾಣುತ್ತೆ ಅಂತ ಪೆಟ್ರೋಲ್ ಹಾಕಿ ಒರೆಸಿಬಿಟ್ಟೆ."

ನಾನು ಅಲ್ಲಿದ್ದ ಟೈರಿನ ಮೇಲೆ ಕೂತೆ.

ನಾನು ಲಾರಿ ಓಡಿಸಿದವನು. ಗುಜರಿಯವನ ಪದ್ಧತಿ ನನಗೆ ಗೊತ್ತು. ಜನ ಸತ್ತ ಗಾಡಿಯಿಂದ ಬಿಚ್ಚಿದ ಸಾಮಾನಿಗೆ ಅವನು ಕೆಂಪು ಬಳಿದಿಡುತ್ತಾನೆ. ಬೇಕಾದವರು ಒಯ್ಯಲಿ, ಬೇಡದವರು ಬಿಡಲಿ, ಆಮೇಲೆ ನನ್ನನ್ನು ಬೈಯಬಾರದು ಎಂದು. ಹಳೆ ಮೆಕ್ಯಾನಿಕ್ಕುಗಳಿಗೆಲ್ಲ ಇದು ಗೊತ್ತು. ತಂತಿ ಯಾವಾಗಲೂ ಹೊಸ ಸಾಮಾನು ಹಾಕುವವನು. ಅವನಿಗೆ ಯಾರೂ ಹೇಳಿರಲಿಲ್ಲ.

ಗುಜರಿಯವನನ್ನು ವಿಚಾರಿಸಿದೆ. ಆ ಡಬ್ಬಿ ಇದ್ದದ್ದೂ ಇಂಥದೇ ಗಾಡಿಯಲ್ಲಂತೆ. ಇದೇ ಗುಡ್ಡದ ದೊಡ್ಡ ತಿರುವಿನಲ್ಲಿ ಕೆಳಗೆ ಹೋಯಿತಂತೆ. ಆಸ್ಪತ್ರೆಗೆ ಹೊರಟಿದ್ದರಂತೆ. ಇಬ್ಬರು. ಯಾರು, ಯಾಕೆ ಹೊರಟಿದ್ದರು, ಅವನಿಗೂ ತಿಳಿಯದು.

ಹುಡುಗ ಹೆದರಿದ. ಈಗಲೇ ಬಿಚ್ಚು ಅಂದ. ತಂತಿ ಮನೆಗೇ ಬಂದು ಬಾನೆಟ್ ಎತ್ತಿದ. ಬಿಚ್ಚುವುದು ದೊಡ್ಡ ಕೆಲಸವಲ್ಲ. ಡಬ್ಬಿಯ ಪ್ಲಗ್ ಕೀಳಬೇಕು, ಸೆನ್ಸರಿಗೆ ಅದರ ಹಳೆಯ ಪ್ಲಗ್ ಸಿಕ್ಕಿಸಬೇಕು. ಅಷ್ಟರಲ್ಲಿ ಹುಡುಗನ ಹೆಂಡತಿ ಹೊರಗೆ ಬಂದಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಳು. ಏನು ನಡೀತಿದೆ ಎಂದು ಕೇಳಿದಳು. ಇವನು ನಾಯಿಯ ಕತೆ ಬಿಟ್ಟು ನಿಜ ಹೇಳಿದ.

ಅವಳು ಎಲ್ಲ ಕೇಳಿಕೊಂಡಳು. ಆಮೇಲೆ ತಂತಿಗೆ ಬಾನೆಟ್ ಹಾಕಲು ಹೇಳಿದಳು.

"ಹೋದ ಸಲ ಯಾವ ದೆವ್ವ ಇತ್ತು ಗಾಡೀಲಿ?" ಅಂದಳು ಗಂಡನಿಗೆ. "ಯಾವುದೂ ಇರಲಿಲ್ಲ. ಆದರೂ ಮಗು ಹೋಯ್ತು. ನಂಗೆ ಆ ಲಾರಿ ಹಿಂದೆ ಸಿಕ್ಕಿಹಾಕಿಕೊಳ್ಳೋದೇ ಭಯ."

ಇವನು ಏನೋ ಹೇಳಲು ಹೋದ.

"ಆ ಗಾಡಿಯವನೂ ಆಸ್ಪತ್ರೆಗೇ ಹೊರಟವನಲ್ವಾ? ದಾರಿ ಒಂದೇ. ಇರಲಿ ಬಿಡಿ."

ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಸರಿಯೋ ತಪ್ಪೋ, ಹೊರುವವಳು ಅವಳು. ತಂತಿ ಬಾನೆಟ್ ಮುಚ್ಚಿ, ಕೈಗುರುತು ಒರೆಸಿ ಹೋದ.

ಆಮೇಲಿನ ದಿನಗಳಲ್ಲಿ ಹುಡುಗನಿಗೆ ನಿದ್ದೆ ಇಲ್ಲ. ಮಗ್ಗುಲು ಬದಲಾಯಿಸುವುದು, ಏಳುವುದು, ಕಿಟಕಿಯಲ್ಲಿ ಇಣುಕುವುದು. ದೂರದ ಬಾಡಿಗೆ ಬಿಟ್ಟ. ಗಾಡಿ ಅಂಗಳದಲ್ಲೇ ನಿಂತಿರುತ್ತಿತ್ತು. ಒಂದು ದಿನ ಬೆಳಗಿನಿಂದ ಕದಲಿಸಿರಲಿಲ್ಲ. ಸಂಜೆ ನಾನು ಪಕ್ಕದಲ್ಲಿ ಹೋಗುವಾಗ ಬಾನೆಟ್ಟಿನೊಳಗೆ ಸದ್ದು... ಟಿಣ್... ಟಿಣ್... ಬಹಳ ದೂರ ಓಡಿ ಬಂದ ಎಂಜಿನ್ ಆರುವಾಗ ಬರುವ ಸದ್ದು. ಕೈಯಿಟ್ಟೆ. ಬಿಸಿ ಇತ್ತು. ಹುಡುಗನಿಗೆ ಹೇಳಲಿಲ್ಲ. ಅವನಿಗೆ ಇದ್ದದ್ದೇ ಸಾಕಾಗಿತ್ತು.

ಡಾಕ್ಟರು ಹೇಳಿದ್ದ ದಿನಕ್ಕಿಂತ ಮುಂಚೆಯೇ ನೋವು ಬಂತು. ಊಟಕ್ಕೆ ಕೂತಿದ್ದೆವು. ತಟ್ಟೆ ಹಾಗೇ ಬಿಟ್ಟು ಹೊರಟೆವು. ಹುಡುಗ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ. ಮಧ್ಯದ ಸಾಲಿನಲ್ಲಿ ಅವಳು, ಅವಳ ತಲೆ ಅತ್ತೆಯ ತೊಡೆಯ ಮೇಲೆ. ಹಿಂದಿನ ಸಾಲು ಖಾಲಿ.

ಗಾಡಿ ಬಾವಿ ದಾಟಿತು. ಏರು ಶುರುವಾಯಿತು. ಸ್ವಲ್ಪ ದೂರಕ್ಕೆ ಮುಂದೆ ಲಾರಿಯ ಕೆಂಪು ದೀಪ ಕಂಡಿತು. ಕಲ್ಲಿನ ಲೋಡು. ಹುಡುಗ ಕಾಲು ಸಡಿಲಿಸಿ ಅದರ ಹಿಂದೆಯೇ ನಿಧಾನವಾದ.

"ತೆಗಿ," ಅಂದೆ.

ಪಕ್ಕಕ್ಕೆ ತೆಗೆದು ಕಾಲು ಒತ್ತಿದ. ಟರ್ಬೋ ಸುಯ್ ಎಂದಿತು. ಬೆನ್ನು ಸೀಟಿಗೆ ಅಂಟಿತು. ಲಾರಿ ಕಲ್ಲುಕಂಬದ ಹಾಗೆ ಹಿಂದೆ ಸರಿದುಹೋಯಿತು. ಹುಡುಗನ ತಾಯಿ ದೇವರೇ ಅಂದಳು, ಸಮಾಧಾನದಿಂದ.

ದೊಡ್ಡ ತಿರುವು ಬರುತ್ತಿತ್ತು. ನಿಧಾನ ಮಾಡು ಅಂದೆ. ಅವನ ಕಾಲು ನೋಡಿದೆ. ಆಕ್ಸಿಲರೇಟರಿನ ಮೇಲೆ ಇರಲಿಲ್ಲ. ಬ್ರೇಕಿನ ಮೇಲಿತ್ತು.

ಗಾಡಿ ಎಳೆಯುತ್ತಲೇ ಇತ್ತು.

ಡಬ್ಬಿ ಪಿಕಪ್ ಕೊಡಬಹುದು. ಕಾಲು ತೆಗೆದ ಮೇಲೂ ಗಾಡಿ ಓಡಿಸುವುದು ಡಬ್ಬಿಯ ಕೈಲಿ ಆಗುವುದಿಲ್ಲ. ಇದು ನನಗೆ ಗೊತ್ತು.

"ದೊಡ್ಡಪ್ಪ... ಬ್ರೇಕ್ ಕಲ್ಲಾಗಿದೆ," ಎಂದು ಪಿಸುಗುಟ್ಟಿದ.

ಗೇರ್ ಇಳಿಸು ಅಂದೆ. ಗೇರು ಅಲ್ಲಾಡಲಿಲ್ಲ. ನಾನೂ ಅವನ ಕೈ ಮೇಲೆ ಕೈಯಿಟ್ಟು ಎಳೆದೆ. ಹ್ಯಾಂಡ್ ಬ್ರೇಕ್ ಎತ್ತಿದೆ. ಸಡಿಲ ಹಗ್ಗದ ಹಾಗೆ ಸುಮ್ಮನೆ ಮೇಲೆ ಬಂತು. ದೀಪದ ಬೆಳಕಿನಲ್ಲಿ ರಸ್ತೆ ಮುಗಿದದ್ದು ಕಂಡಿತು. ಅದರಾಚೆ ಏನೂ ಇರಲಿಲ್ಲ.

ಆಗ ಕೇಳಿತು. ನನ್ನ ಮತ್ತು ಹುಡುಗನ ನಡುವೆ, ಸೀಟುಗಳ ಸಂದಿನಿಂದ. ಹುಡುಗ ಹೇಳಿದ್ದ ದನಿಯೇ.

"ತಡ ಆಯ್ತು... ತಡ ಆಯ್ತು..."

ಬಾವಿಯ ಹತ್ತಿರ ಮೊದಲ ಸಲ ಕೇಳಿದ್ದು ಅವನು. ಈ ಸಲ ನಾಲ್ಕು ಜನ ಕೇಳಿದೆವು.

ಹುಡುಗ ಕಣ್ಣು ಮುಚ್ಚಿದ. ಹಿಂದಿನಿಂದ ಅವನ ಹೆಂಡತಿ ಮಾತಾಡಿದಳು. ಹಲ್ಲು ಕಚ್ಚಿಕೊಂಡು, ನೋವಿನ ಮಧ್ಯೆ, ಮನೆಯವರಿಗೆ ಹೇಳುವ ಹಾಗೆ.

"ಅಣ್ಣಾ... ತಡ ಆಗಿಲ್ಲ. ಇಲ್ಲಿ ಒಂಚೂರು ನಿಧಾನ ಮಾಡಣ್ಣ. ಎಲ್ಲರೂ ಹೋಗಿ ಮುಟ್ಟಬೇಕು."

ಎಂಜಿನ್ ಸದ್ದು ಇಳಿಯಿತು. ಸುಯ್ ಎನ್ನುವುದು ನಿಂತಿತು. ಹುಡುಗನ ಕಾಲ ಕೆಳಗೆ ಬ್ರೇಕು ಮೆತ್ತಗೆ ಒಳಗೆ ಹೋಯಿತು. ಗಾಡಿ ಒಳಬದಿಯ ಬಂಡೆಗೆ ಒತ್ತಿಕೊಂಡ ಹಾಗೆ ತಿರುವು ತಿರುಗಿತು. ಸ್ಟೀರಿಂಗ್ ತಿರುಗಿಸಿದ್ದು ತಾನಲ್ಲ ಎಂದು ಹುಡುಗ ಇವತ್ತಿಗೂ ಹೇಳುತ್ತಾನೆ. ಅವನ ಎರಡೂ ಕೈ ಆಗ ನನ್ನ ತೋಳು ಹಿಡಿದಿದ್ದವು. ಉಗುರಿನ ಗುರುತು ಎಷ್ಟೋ ದಿನ ಇತ್ತು.

ತಿರುವು ಕಳೆದ ಮೇಲೆ ಮತ್ತೆ ಎಳೆಯಿತು. ಆಸ್ಪತ್ರೆಯ ಬಾಗಿಲವರೆಗೆ ಯಾರೂ ಉಸಿರೆತ್ತಲಿಲ್ಲ. ಅವಳು ಮಾತ್ರ ಆಗಾಗ, "ಆಯ್ತು ಅಣ್ಣ, ಬಂತು, ಬಂತು," ಅನ್ನುತ್ತಿದ್ದಳು.

ಆಸ್ಪತ್ರೆಯ ಆಳು ಗಾಲಿ ಕುರ್ಚಿ ತಂದ. ಅವಳನ್ನು ಕೂರಿಸಿಕೊಂಡು ಒಳಗೆ ಓಡಿದರು. ಹುಡುಗ, ಅವನ ತಾಯಿ ಹಿಂದೆಯೇ ಹೋದರು. ನಾನು ಗಾಡಿಯ ಹತ್ತಿರ ಉಳಿದೆ. ಒಂದು ಬೀಡಿ ಹಚ್ಚಿದೆ.

ಹೆಣ್ಣು ಮಗು. ಅತ್ತ ಸದ್ದು ಹೊರಗಿನವರೆಗೂ ಬಂತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಹುಡುಗ ಓಡಿಬಂದು ಹೇಳಿ, ನನ್ನ ಭುಜಕ್ಕೆ ಮುಖ ಒತ್ತಿ ಅತ್ತು, ಮತ್ತೆ ಒಳಗೆ ಓಡಿದ.

ಅವನು ಒಳಗೆ ಹೋದ ಹಿಂದೆಯೇ ಆ ಆಳು ಹೊರಗೆ ಬಂದ. ಇನ್ನೊಂದು ಗಾಲಿ ಕುರ್ಚಿ ತಳ್ಳಿಕೊಂಡು. ಗಾಲಿ ಕಿರ್ ಕಿರ್ ಅನ್ನುತ್ತಿತ್ತು. ನೇರ ಗಾಡಿಯ ಹಿಂಬದಿಗೆ ಹೋಗಿ ನಿಲ್ಲಿಸಿದ.

"ಇಳಿಸಿ ಯಜಮಾನ್ರೇ. ಆಗ ಒಬ್ಬನೇ ಇದ್ದೆ, ಇವರನ್ನ ಕರ್ಕೊಂಡು ಹೋಗೋಕೆ ಆಗಲಿಲ್ಲ."

ಯಾರನ್ನು ಎಂದು ಕೇಳಿದೆ.

"ಆ ವಯಸ್ಸಾದ ಅಮ್ಮನ್ನ. ಹಿಂದಿನ ಸೀಟಲ್ಲಿ ಒರಗಿಕೊಂಡಿದ್ರಲ್ಲ."

ಹಿಂದಿನ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಆಳು ಒಳಗೆ ಇಣುಕಿದ, ನನ್ನ ಮುಖ ನೋಡಿದ, ತಮಾಷೆ ಮಾಡ್ತೀರಾ ಎಂದು ಬೈದುಕೊಂಡು ಖಾಲಿ ಕುರ್ಚಿ ತಳ್ಳಿಕೊಂಡು ಹೋದ.

ಹಿಂದಿನ ಸಾಲಿನ ಬೆಲ್ಟು ಹಾಕಿತ್ತು. ಕೊಕ್ಕೆಗೆ ಸಿಕ್ಕಿಸಿತ್ತು. ಖಾಲಿ ಸೀಟಿನಲ್ಲಿ ಬೆಲ್ಟು ಹಾಕಿದರೆ ಅದು ಸೀಟಿಗೆ ಅಂಟಿಕೊಂಡಿರುತ್ತದೆ. ಇದು ಹಾಗಿರಲಿಲ್ಲ. ಒಬ್ಬರ ಮೈಯಷ್ಟು ಮುಂದಕ್ಕೆ ಬಂದು, ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು.

ಗುಂಡಿ ಒತ್ತಿದೆ. ಟಕ್. ಬೆಲ್ಟು ಸರ್ರನೆ ಒಳಗೆ ಹೋಯಿತು.

ಒತ್ತಿದ್ದು ಈ ಬೆರಳು. ಇದು ಯಾರೋ ಹೇಳಿ ಕೇಳಿದ್ದಲ್ಲ.