ಓರಗಿತ್ತಿ ಕುಡಿದ ಚೊಂಬು ನೀರು

...ಅದ್ಯಾಕೆ ಲೋಟ ಅಂಗೇ ಮಡಗಿದೀಯ, ಕುಡಿಯವ್ವ ಮೊದ್ಲು. ಫೋನಲ್ಲಿ ನಿಮ್ಮತ್ತೆ ಬ್ಯಾಡ ಅಂದ್ಲು ಅಂತ ಬಾಣಂತಿ ಬಾಯಾರ್ಕೊಂಡು ಕೂರದಾ? ನಂಗೂ ಇಂಗೇ ಮಾಡಿದ್ರು ಕಣೆ. ನಿಮ್ಮಪ್ಪ ಹುಟ್ಟಿದಾಗ ನಂಗೆ ಅವ್ವ ಇರ್ನಿಲ್ಲ, ತವರಿಗೆ ಕರ್ಕೊಂಡು ಹೋಗೋರು ಯಾರು, ನಮ್ಮತ್ತೇನೇ ಬಾಣಂತನ ಮಾಡಿದ್ದು. ಕೆಟ್ಟೋಳಲ್ಲ, ಅದು ಬ್ಯಾರೆ ಮಾತು, ಎಣ್ಣೆ ನೀರು ಹಾಕೋದ್ರಲ್ಲಿ ಎತ್ತಿದ ಕೈ. ಆದ್ರೆ ಪಥ್ಯ ಅಂದ್ರೆ ಪಥ್ಯ! ಒಣ ಅನ್ನ, ಮೆಣಸು, ಬೆಳ್ಳುಳ್ಳಿ, ಅಷ್ಟೇಯ. ಸೊಪ್ಪು ಕೇಳುದ್ರೆ "ಮಗೀಗೆ ಭೇದಿ ಆಯ್ತದೆ". ನೀರು ಕೇಳುದ್ರೆ "ಹೊಟ್ಟೆ ಇಳಿಬಿದ್ದೋಯ್ತದೆ, ಮಗೀಗೆ ಶೀತ ಆಯ್ತದೆ, ತಡ್ಕಳೆ". ತಡ್ಕೊಂಡೆ. ಹಾಲು ಬತ್ತೋಯ್ತು. ನಿಮ್ಮಪ್ಪ ಚೀಪಿ ಚೀಪಿ ಅಳೋನು, ಅತ್ತು ಅತ್ತು ಅವನ ದನೀನೂ ಇಂಗೋಯ್ತು.

ಆಗ ಬಂದ್ಲು ನೋಡು ಜಯಮ್ಮ. ನನ್ನ ಓರಗಿತ್ತಿ, ನಿಮ್ಮ ತಾತನ ತಮ್ಮನ ಹೆಂಡ್ತಿ, ಅದೇ ನಿಮ್ಮ ಚಿಕ್ಕಜ್ಜಿ. ನಂಗಿಂತ ಎರಡು ತಿಂಗ್ಳು ಮುಂಚೆ ಹೆತ್ತಿದ್ಲು. ಸಿಂಧಘಟ್ಟದ ತವರಲ್ಲಿ ಬಾಣಂತನ ಮುಗಿಸ್ಕೊಂಡು ಗಾಡಿ ಇಳುದ್ಲು, ಗಾಡಿ ಅಲ್ಲ, ಬಸ್ಸು, ಆಗ ಬಸ್ಸು ಬಂದಿತ್ತು. ಕಂಕುಳಲ್ಲಿ ಕುಂಬಳಕಾಯಿಯಂಥ ಮಗಳು. ಆ ಕೆನ್ನೆ ಏನು, ಆ ತೊಡೆ ಏನು! ನನ್ನ ಹೊಟ್ಟೆ ಉರುದೋಯ್ತು. ಬಂದೋಳು ಸುಮ್ಕೆ ಇದ್ಲಾ? ನಿಮ್ಮಪ್ಪ ಅಳೋದ ನೋಡಿ "ಕೊಡಕ್ಕ ಇತ್ಲಾಗೆ" ಅಂತ ಎತ್ಕೊಂಡು ಹಾಲು ಕುಡಿಸೇಬುಟ್ಲು. ಅವನೋ, ಗಟಗಟ ಕುಡ್ದು ಅವ್ಳ ಸೆರಗು ಹಿಡ್ಕೊಂಡೇ ಮಲಿಕೊಂಡ. ಮಗ ಉಳ್ಕೊಂಡ ಅಂತ ಸಂತೋಷ ಪಡಬೇಕಲ್ವಾ? ಪಡ್ನಿಲ್ಲ ಕಣವ್ವ. ಕಿತ್ಕೊಂಡು ಬರೋ ಅಷ್ಟು ಸಿಟ್ಟು ಬಂತು. ಬತ್ತಾ ಬತ್ತಾ ಅವ್ಳ ಬಳೆ ಸದ್ದು ಕೇಳುದ್ರೇ ಅಳು ನಿಲ್ಲಿಸೋನು. ಹೆತ್ತೋಳು ನಾನು!

ಇವ್ಳು ತವರಿಂದ ಏನೋ ಮದ್ದು ತಂದವ್ಳೆ, ನಂಗೆ ಗೊತ್ತಾಗ್ದಂಗೆ ತಿಂತಾವ್ಳೆ ಅಂತ ತಲೇಲಿ ಕೂತ್ಬುಡ್ತು. ಅವ್ಳ ಟ್ರಂಕು ತೆಗ್ದು ನೋಡ್ದೆ, ಸೀರೆ ಬುಟ್ರೆ ಏನಿಲ್ಲ. ಒಂದಿನ ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋಗಿದ್ರು, ಇವ್ಳು ಮೆಲ್ಲಗೆ ಹಿತ್ಲಿಗೆ ಹೋದ್ಲು. ನಾನೂ ಗೋಡೆ ಮರೇಲಿ ನಿಂತ್ಕೊಂಡೆ. ಇವತ್ತು ಸಿಕ್ಕಾಕೊಂಡ್ಲು ಅನ್ಕೊಂಡೆ. ನೋಡುದ್ರೆ ಏನು? ಕಾಯಿಸಿ ಆರಿಸಿದ ನೀರು, ಒಂದು ಚೊಂಬು, ಎತ್ತಿದ್ದು ಇಳಿಸ್ನಿಲ್ಲ. ಪಕ್ಕದಲ್ಲಿ ರಾಗಿಮುದ್ದೆ, ಬಟ್ಟಲು ತುಂಬ ನುಗ್ಗೆಸೊಪ್ಪಿನ ಸಾರು. "ಏನೇ ಅದು, ಮದ್ದಾ?" ಅಂದೆ. ನಕ್ಕುಬುಟ್ಲು. "ಮದ್ದೆಲ್ಲಿ ಬಂತಕ್ಕ. ಹಸ ನೀರು ಕುಡೀದೆ ಹಾಲು ಕೊಟ್ಟದಾ ಅಂತ ನಮ್ಮವ್ವ ಹೇಳವ್ಳೆ. ಅತ್ತೆಗೆ ಹೇಳ್ಬ್ಯಾಡ, ನೀನೂ ಕುಡಿ."

"ನಾನೇನು ಹಸವಾ?" ಅಂದು ಬಂದ್ಬುಟ್ಟೆ. ಆದ್ರೆ ಮಾರನೇ ದಿನ ಅತ್ತೆ ಹೊಲದ ಕಡೆ ಮುಖ ಮಾಡಿದ್ದೇ ತಡ, ಅವ್ಳು ಒಂದು ಚೊಂಬು ಕುಡುದ್ರೆ ನಾನು ಎರಡು ಕುಡ್ದೆ. ಅವ್ಳು ಒಂದು ಮುದ್ದೆ ಉಂಡ್ರೆ ನಾನು ಒಂದೂವರೆ. ನುಗ್ಗೆಮರ ಬೋಳಾಗೋಯ್ತು, ಅತ್ತೆ "ಯಾವ ಮುಂಡೇದು ಸೊಪ್ಪು ಕದ್ದದ್ದು" ಅಂತ ಬೀದೀಗೆಲ್ಲಾ ಬೈಕೊಂಡು ತಿರುಗೋರು. ವಾರೊಪ್ಪತ್ತಿನಲ್ಲಿ ರವಿಕೆ ನೆನೆಯೋ ಅಷ್ಟು ಹಾಲು ಬಂತು. ನಿಮ್ಮಪ್ಪ ನನ್ನ ಮಡ್ಲಿಗೆ ಬಂದ.

ಈಗ ನೋಡು, ಅಂಗನವಾಡೀಲಿ ಬಸುರಿ ಬಾಣಂತೀರನ್ನ ಕೂಡಿಸುದ್ರೆ ಆಶಾ ಹುಡುಗಿ "ಜಯಮ್ಮಜ್ಜೀನ ಕೇಳಿ, ಅವ್ರಿಗೆಲ್ಲಾ ಗೊತ್ತು" ಅಂತ ಅವ್ಳಿಗೇ ಕುರ್ಚಿ ಹಾಕ್ತಾಳೆ. ನಾನು ಚಾಪೆ ಮೇಲೆ! ನಿಮ್ಮಪ್ಪನೂ ಅಷ್ಟೇಯ, ಡೈರಿಗೆ ಹಾಲು ಹಾಕಿ ಬರೋವಾಗ "ಚಿಕ್ಕವ್ವ, ಚಿಕ್ಕವ್ವ" ಅಂತ ಅವ್ಳ ಜಗಲೀಲಿ ಕೂತೇ ಬರೋದು. ಉರೀತದೆ ಕಣೆ, ಈಗ್ಲೂ ಉರೀತದೆ. ಅದೇನಾರ ಆಗ್ಲಿ, ಬಾಣಂತಿ ಬಾಯಿ ಒಣಗುದ್ರೆ ಮಗೀನ ಬಾಯೂ ಒಣಗ್ತದೆ, ತಿಳ್ಕೊ. ಅವ್ಳ ಮೊಮ್ಮಗಳೂ ಬಾಣಂತಿ ಅಲ್ವಾ ಈಗ? ಅವ್ಳು ಒಂದು ಲೋಟ ಕುಡುದ್ರೆ ನೀನು ಎರಡು ಕುಡಿ. ಎತ್ತು ಲೋಟ.